ಪಿಒವಿ ಅಂದ್ರೆ ಎಂತದು? ರೀಲ್ಸ್ ನೋಡುವವರಿಗೂ ಮಾಡುವವರಿಗೂ ಒಂದು ಮಾರ್ಗದರ್ಶಿ

ಇತ್ತೀಚೆಗೆ ನನಗೆ ಅತಿ ಹೆಚ್ಚು ಬರುತ್ತಿರುವ ಪ್ರಶ್ನೆ ಇದು. "ಮಗಳು ಹಾಕುವ ಪ್ರತಿ ವಿಡಿಯೊ ಮೇಲೂ ಪಿಒವಿ ಅಂತ ಬರೆದಿರ್ತಾಳೆ, ಏನಾದರೂ ಕೆಟ್ಟ ಮಾತಾ?" ಎಂದು ಕೇಳುವ ಅಪ್ಪ ಅಮ್ಮಂದಿರು ಒಂದು ಕಡೆ. "ನಮ್ಮ ಹೋಂಸ್ಟೇ ರೀಲ್‌ಗೆ ಪಿಒವಿ ಅಂತ ಹಾಕಿದ್ರೆ ಜಾಸ್ತಿ ಜನ ನೋಡ್ತಾರಾ?" ಎನ್ನುವವರು ಇನ್ನೊಂದು ಕಡೆ. ತೀರ್ಥಹಳ್ಳಿ ಕಡೆಯ ಹಿರಿಯರೊಬ್ಬರಂತೂ "ಪಂಚಾಯ್ತಿ ಪಿಡಿಒ ಗೊತ್ತು, ಇದ್ಯಾವ ಹೊಸ ಹುದ್ದೆ ಮಾರಾಯ್ರೆ?" ಎಂದರು. ಒಬ್ಬೊಬ್ಬರಿಗೇ ಹೇಳುವ ಬದಲು ಎಲ್ಲವನ್ನೂ ಇಲ್ಲಿ ಬರೆದಿಡುತ್ತೇನೆ. ಬರೀ ಅರ್ಥ ಬೇಕಿದ್ದವರು ಮೊದಲ ಭಾಗ ಓದಿದರೆ ಸಾಕು. ಸ್ವಂತ ರೀಲ್ ಮಾಡುವವರು ಕೊನೆಯವರೆಗೂ ಬನ್ನಿ.

ಮೊದಲು ಅರ್ಥ

ಪಾಯಿಂಟ್ ಆಫ್ ವ್ಯೂ ಎಂಬುದರ ಮೊದಲಕ್ಷರಗಳೇ ಪಿಒವಿ. ಪಿ, ಓ, ವಿ ಎಂದು ಬಿಡಿಬಿಡಿಯಾಗಿ ಓದಬೇಕು, 'ಪೋವ್' ಅಲ್ಲ. ನಿಘಂಟಿನಲ್ಲಿ ದೃಷ್ಟಿಕೋನ ಎಂದು ಸಿಗುತ್ತದೆ. ಆದರೆ ಆ ಪದ ಭಾಷಣಗಳಲ್ಲಿ ಸವೆದು ಹೋಗಿದೆ, ರೀಲ್ಸ್ ವಿಷಯಕ್ಕೆ ಉಪಯೋಗವಾಗುವುದಿಲ್ಲ. ಅದರ ಬದಲು ಎರಡೇ ಪದದ ಪ್ರಶ್ನೆ ಇಟ್ಟುಕೊಳ್ಳಿ: ಯಾರ ಕಣ್ಣು? ಈ ವಿಡಿಯೊವನ್ನು ಯಾರ ಕಣ್ಣಿನಿಂದ ನೋಡುತ್ತಿದ್ದೇವೆ ಎಂದು ಹೇಳುವುದೇ ಪಿಒವಿಯ ಕೆಲಸ.

ಪದ ಬಂದಿದ್ದು ಸಿನಿಮಾದಿಂದ, ಸಾಹಿತ್ಯ ವಿಮರ್ಶೆಯಿಂದ. ಪಾತ್ರ ಏನನ್ನು ನೋಡುತ್ತಿದೆಯೋ ಅದನ್ನೇ ಕ್ಯಾಮೆರಾ ತೋರಿಸಿದರೆ ಅದು ಪಿಒವಿ ಶಾಟ್. 1947ರಲ್ಲೇ ಅಮೆರಿಕದ ನಟ, ನಿರ್ದೇಶಕ ರಾಬರ್ಟ್ ಮಾಂಟ್ಗೊಮೆರಿ ಒಂದು ಪತ್ತೇದಾರಿ ಚಿತ್ರದ ಬಹುಪಾಲನ್ನು ನಾಯಕನ ಕಣ್ಣಿನಿಂದಲೇ ತೆಗೆದಿದ್ದ. ಕಥೆಯ ನಡುವೆ ನಾಯಕನ ಮುಖ ಕಾಣಬೇಕೆಂದರೆ ಅವನು ಕನ್ನಡಿ ಮುಂದೆ ಬರಬೇಕಿತ್ತು. ಪಬ್ಜಿ ಆಡಿದ ಹುಡುಗರಿಗೆ ಇಷ್ಟೂ ಬೇಡ. ಅದರಲ್ಲಿ ಎಫ್‌ಪಿಪಿ, ಟಿಪಿಪಿ ಎಂದು ಎರಡು ಬಗೆ ಇದೆಯಲ್ಲ? ಎಫ್‌ಪಿಪಿಯಲ್ಲಿ ನಿಮ್ಮ ಕೈ ಮತ್ತು ಬಂದೂಕು ಮಾತ್ರ ಕಾಣುತ್ತದೆ, ಟಿಪಿಪಿಯಲ್ಲಿ ನಿಮ್ಮ ಬೆನ್ನೇ ಕಾಣುತ್ತದೆ. ಮೊದಲನೆಯದು ಪಿಒವಿ.

ಸಾಮಾನ್ಯ ಜನರ ಬಾಯಿಗೆ ಈ ಪದ ಬಿದ್ದಿದ್ದು ಟಿಕ್‌ಟಾಕ್‌ನಿಂದ. 2020ರ ಜೂನ್ 29ರಂದು ಭಾರತ ಆ ಆ್ಯಪ್ ನಿಷೇಧಿಸಿತು, ಜುಲೈನಲ್ಲೇ ಇನ್‌ಸ್ಟಾಗ್ರಾಂ ಇಲ್ಲಿ ರೀಲ್ಸ್ ಶುರು ಮಾಡಿತು. ಆ್ಯಪ್ ಹೋಯಿತು, ಪದ ಉಳಿಯಿತು.

ಈಗ ನಿಮ್ಮ ಫೋನಿನಲ್ಲಿ ಕಾಣುವ ಪಿಒವಿಗಳಲ್ಲಿ ಮೂರು ಬಗೆ ಇವೆ.

ಒಂದು, ಅಪ್ಪಟ ಪಿಒವಿ. ಕ್ಯಾಮೆರಾವೇ ಕಣ್ಣು. ಸಿಗಂದೂರಿಗೆ ಹೋಗುವವರು 2025ರ ಜುಲೈನಲ್ಲಿ ಸೇತುವೆ ತೆರೆಯುವವರೆಗೂ ಶರಾವತಿ ಹಿನ್ನೀರನ್ನು ಲಾಂಚ್‌ನಲ್ಲೇ ದಾಟಬೇಕಿತ್ತು. "ಪಿಒವಿ: ಓಡಿ ಬಂದ್ರಿ, ಲಾಂಚ್ ಹೊರಟೇಬಿಟ್ಟಿದೆ" ಎಂಬ ಸಾಲು, ಅದರ ಕೆಳಗೆ ದಡದಿಂದ ದೂರವಾಗುತ್ತಿರುವ ಲಾಂಚ್, ನಡುವೆ ಅಗಲವಾಗುತ್ತಾ ಹೋಗುವ ನೀರು. ನಿಂತವರ ಮುಖ ಎಲ್ಲೂ ಇಲ್ಲ. ಆದರೂ ಅವರ ಹೊಟ್ಟೆಯುರಿ ನಮಗೇ ಆಗುತ್ತದೆ.

ಎರಡು, ಎದುರು ಕೂತು ಆಡುವ ನಾಟಕ. ವಿಡಿಯೊ ಮಾಡಿದವರು ಕ್ಯಾಮೆರಾ ನೋಡಿಕೊಂಡೇ ಮಾತಾಡುತ್ತಾರೆ, ನಿಮಗೊಂದು ಪಾತ್ರ ಕೊಡುತ್ತಾರೆ. "ಪಿಒವಿ: ನೀವು ಬೆಂಗಳೂರಿಂದ ಬಂದ ಮೊಮ್ಮಗ, ಅಜ್ಜಿ ಊಟಕ್ಕೆ ಬಡಿಸ್ತಿದ್ದಾರೆ." ಅಜ್ಜಿ ವೇಷದ ಹುಡುಗಿ ನೇರ ನಿಮ್ಮನ್ನೇ ನೋಡಿ "ಎಂತ ಮಾರಾಯ, ಇಷ್ಟೇ ತಿಂದ್ರೆ ಆಗ್ತದನಾ? ಇನ್ನೊಂದು ಕಡುಬು ಹಾಕ್ಕೋ" ಎನ್ನುತ್ತಾಳೆ. ಇದೂ ಸರಿಯಾದ ಬಳಕೆಯೇ, ಯಾಕೆಂದರೆ ಕಣ್ಣು ಮೊಮ್ಮಗನದು.

ಮೂರನೆಯದು ಜಾರಿದ ಪಿಒವಿ. "ಪಿಒವಿ: ಸೋಮವಾರ ಬೆಳಗ್ಗೆ ನಾನು" ಎಂದು ಬರೆದು, ಸ್ವಂತ ಮುಖವನ್ನೇ ಸೆಲ್ಫಿ ಕ್ಯಾಮೆರಾದಲ್ಲಿ ತೋರಿಸುವುದು. ನಿಮ್ಮ ಮುಖ ನಿಮಗೆ ಕಾಣುತ್ತದೆಯೇ? ಇಲ್ಲ. ಹಾಗಾಗಿ ಇದು ನಿಮ್ಮ ಪಿಒವಿ ಅಲ್ಲ, ನಿಮ್ಮನ್ನು ನೋಡುತ್ತಿರುವವರದು. ಇಲ್ಲಿ ಪಿಒವಿ ಎಂಬುದು 'ಹಿಂಗಾದಾಗ' ಎಂಬಷ್ಟೇ ಅರ್ಥಕ್ಕೆ ಇಳಿದಿದೆ. ಇಂದು ಅತಿ ಹೆಚ್ಚು ಕಾಣುವುದೂ ಇದೇ, ಕಾಮೆಂಟಿನಲ್ಲಿ ಜನ ಜಗಳ ತೆಗೆಯುವುದೂ ಇದಕ್ಕೇ. ಪದಗಳ ಅರ್ಥ ಜಾರುವುದು ಹೊಸದಲ್ಲ, ಅದಕ್ಕಾಗಿ ಯಾರನ್ನೂ ಹಂಗಿಸಬೇಕಿಲ್ಲ. ಆದರೆ ಸರಿಯಾದ ಪಿಒವಿಯಲ್ಲಿ ಇರುವ ಬಿಗಿ ಇದರಲ್ಲಿ ಇಲ್ಲ ಎಂಬುದು ನನ್ನ ಅನುಭವ. ನೀವೇ ಮಾಡುವಾಗ ಇದನ್ನು ಬಿಟ್ಟುಬಿಡಿ ಎಂದೇ ಹೇಳುತ್ತೇನೆ.

ಮಾತಿನಲ್ಲೂ ಪಿಒವಿ ಬಂದಿದೆ. ಶಿವಮೊಗ್ಗದ ಕಾಲೇಜು ಹುಡುಗರು "ನನ್ ಪಿಒವಿ ಏನಂದ್ರೆ..." ಎಂದು ಶುರು ಮಾಡಿದರೆ ಅದು ಬರೀ 'ನನ್ನ ಅಭಿಪ್ರಾಯ'. "ಅವನ ಪಿಒವಿಯಿಂದಾನೂ ನೋಡು" ಎಂದರೆ ಅವನ ಜಾಗದಲ್ಲಿ ನಿಂತು ಯೋಚಿಸು ಎಂದು.

ಹೆತ್ತವರಿಗೆ ಒಂದು ಮಾತು. ಪದ ಕೆಟ್ಟದ್ದಲ್ಲ. ಆದರೆ ವಯಸ್ಕರ ವಿಡಿಯೊ ತಾಣಗಳೂ ಇದೇ ಮೂರಕ್ಷರವನ್ನು ಒಂದು ವಿಭಾಗದ ಹೆಸರಾಗಿ ಬಳಸುತ್ತವೆ. ಆದ್ದರಿಂದ ಅರ್ಥ ಹುಡುಕಲೆಂದು ಬರೀ ಆ ಮೂರಕ್ಷರ ಹೊಡೆದು ಮಕ್ಕಳ ಮುಂದೆ ಸರ್ಚ್ ಮಾಡಬೇಡಿ. 'ಪಿಒವಿ ಅರ್ಥ' ಅಥವಾ 'ಪಿಒವಿ ರೀಲ್' ಎಂದು ಜೊತೆಗೊಂದು ಪದ ಸೇರಿಸಿ.

ಏನೇನು ಬೇಕು

ಸಾಧಾರಣ ಸ್ಮಾರ್ಟ್‌ಫೋನ್, ಲೆನ್ಸ್ ಒರೆಸಲು ಹಳೆ ಹತ್ತಿಬಟ್ಟೆ, ಎರಡೂ ಕೈಗೆ ಕೆಲಸವಿರುವ ದೃಶ್ಯವಾದರೆ ಫೋನ್ ಹಿಡಿಯಲು ಇನ್ನೊಬ್ಬರು. ಇಷ್ಟೇ. ಕುತ್ತಿಗೆಗೆ ಹಾಕಿಕೊಳ್ಳುವ ಮೊಬೈಲ್ ಸ್ಟ್ಯಾಂಡ್ ಇದ್ದರೆ ಒಳ್ಳೆಯದು, ಇಲ್ಲದಿದ್ದರೂ ನಡೆಯುತ್ತದೆ. ಮಳೆಗಾಲದಲ್ಲಿ ಬಟ್ಟೆ ಮಾತ್ರ ಮರೆಯಬೇಡಿ. ನಮ್ಮ ಕಡೆಯ ತೇವಕ್ಕೆ ಜೇಬಿನಿಂದ ತೆಗೆದ ಕ್ಷಣವೇ ಲೆನ್ಸ್ ಮಂಜಾಗುತ್ತದೆ. ಅದನ್ನು ಒರೆಸದೆ ತೆಗೆದು 'ಆಗುಂಬೆ ಮಂಜು' ಎಂದು ಹಾಕಿದವರನ್ನು ನಾನು ಬಲ್ಲೆ.

ಹಂತ 1: ಕಣ್ಣು ಯಾರದೆಂದು ತೀರ್ಮಾನಿಸಿ

ಫೋನ್ ತೆಗೆಯುವ ಮೊದಲೇ ಇದು ಆಗಬೇಕು. ಕಣ್ಣು ಮನುಷ್ಯರದೇ ಆಗಬೇಕೆಂದಿಲ್ಲ. ಸಕ್ರೆಬೈಲು ಆನೆ ಬಿಡಾರದಲ್ಲಿ ಬೆಳಗ್ಗೆ ಆನೆಗಳಿಗೆ ಸ್ನಾನ ಮಾಡಿಸುವುದನ್ನು ದಡದಲ್ಲಿ ನಿಂತು ತೆಗೆದರೆ ಅದು ಪ್ರವಾಸಿಯ ಕಣ್ಣು. ಅದೇ ವಿಡಿಯೊಗೆ "ಪಿಒವಿ: ನೀವು ಸಕ್ರೆಬೈಲಿನ ಆನೆ" ಎಂದು ಬರೆದರೆ ತಪ್ಪು. ಆನೆಯ ಕಣ್ಣಿಗೆ ಕಾಣುವುದು ಆನೆಯಲ್ಲ, ಬಕೆಟ್ ಹಿಡಿದು ಬರುವ ಕಾವಾಡಿ (ಮಾವುತನ ಸಹಾಯಕ) ಮತ್ತು ದಡದಲ್ಲಿ ಸಾಲಾಗಿ ನಿಂತು ಮೊಬೈಲ್ ಎತ್ತಿದ ನಾವು. ಕ್ಯಾಮೆರಾವನ್ನು ಜನರ ಕಡೆ ತಿರುಗಿಸಿ, ಸ್ವಲ್ಪ ಎತ್ತರದಿಂದ ತೆಗೆಯಿರಿ. ಅಲ್ಲಿಗೆ ಅದೇ ಸಾಲು ಸರಿಯಾಯಿತು, ನಗುವೂ ಬಂತು.

ಒಂದು ರೀಲ್‌ಗೆ ಒಂದೇ ಕಣ್ಣು. ಅರ್ಧದಲ್ಲಿ ಬದಲಾಯಿಸಿದರೆ ನೋಡುವವರಿಗೆ ತಲೆಬುಡ ತಿಳಿಯುವುದಿಲ್ಲ.

ಹಂತ 2: ಸಾಲು ಬರೆಯಿರಿ

ಕ್ಯಾಪ್ಷನ್ ಅಂದರೆ ವಿಡಿಯೊ ಮೇಲೋ ಕೆಳಗೋ ಬರೆಯುವ ಸಾಲು. ಪಿಒವಿ ಕೆಡುವುದು ಹೆಚ್ಚಾಗಿ ಇಲ್ಲೇ, ಅದಕ್ಕೇ ಸ್ವಲ್ಪ ನಿಧಾನಿಸುತ್ತೇನೆ.

ಶಾಲೆಯಲ್ಲಿ ಕಲಿತ ಪುರುಷತ್ರಯ ನೆನಪಿದೆಯೇ? ನಾನು, ನಾವು ಉತ್ತಮ ಪುರುಷ. ನೀನು, ನೀವು ಮಧ್ಯಮ ಪುರುಷ. ಅವನು, ಅವಳು, ಅದು ಪ್ರಥಮ ಪುರುಷ. ಪಿಒವಿಯ ಗುಟ್ಟು ಇಷ್ಟೇ: ಕ್ಯಾಮೆರಾ ಉತ್ತಮ ಪುರುಷದಲ್ಲಿರುತ್ತದೆ, ಸಾಲು ಮಧ್ಯಮ ಪುರುಷದಲ್ಲಿರುತ್ತದೆ. 'ನನಗೆ' ಕಂಡದ್ದನ್ನು ತೋರಿಸಿ 'ನೀವು' ಎನ್ನುವುದು. ನೋಡುವವರು ನಿಮ್ಮ ಜಾಗಕ್ಕೆ ಬಂದು ಕೂರುವುದು ಇದರಿಂದಲೇ. "ಪಿಒವಿ: ನಾನು ಜೋಗಕ್ಕೆ ಹೋದೆ" ಎಂದರೆ ಆ ಬಾಗಿಲು ಮುಚ್ಚಿತು. "ಪಿಒವಿ: ಜೋಗದ ಮುಂದೆ ನಿಂತಿದ್ದೀರಿ, ರಾಜ, ರಾಣಿ, ರೋರರ್, ರಾಕೆಟ್ ಎಲ್ಲ ಮಂಜಿನೊಳಗೆ" ಎಂದರೆ ತೆರೆಯಿತು. ಜೋಗಕ್ಕೆ ಹೋಗಿ ಬರೀ ಬಿಳಿ ಮಂಜು ನೋಡಿ ಬಂದವರೆಲ್ಲ ಲೈಕ್ ಒತ್ತುತ್ತಾರೆ.

ಕನ್ನಡದಲ್ಲಿ ಬರೆಯುವವರಿಗೆ ಇಲ್ಲೊಂದು ಅನುಕೂಲವಿದೆ. ಇಂಗ್ಲಿಷಿನಲ್ಲಿ 'ಯು' ಎಂದು ಹೇಳಲೇಬೇಕು. ನಮ್ಮ ಕ್ರಿಯಾಪದದ ಬಾಲದಲ್ಲೇ ಅದು ಅಡಗಿರುತ್ತದೆ. "ಪಿಒವಿ: ತೋಟಕ್ಕೆ ಹೋಗಿ ಬಂದು ಕೂತಿದ್ದೀರಿ, ಕಾಲ್ಬೆರಳ ಸಂದಿಯಲ್ಲಿ ಏನೋ ತಣ್ಣಗೆ." ನೀವು ಎಂಬ ಪದವೇ ಇಲ್ಲ, ಉಂಬಳ (ರಕ್ತ ಹೀರುವ ಜಿಗಣೆ) ಎಂಬ ಪದವೂ ಇಲ್ಲ. ಮಲೆನಾಡಿನವರಿಗೆ ಇಷ್ಟು ಸಾಕು, ಕಾಲು ತಾನಾಗಿ ಮೇಲೆ ಬರುತ್ತದೆ.

ನೀನು ಅನ್ನಬೇಕೋ ನೀವು ಅನ್ನಬೇಕೋ ಎಂದು ತುಂಬ ಜನ ಕೇಳುತ್ತಾರೆ. ಗೆಳೆಯರಷ್ಟೇ ನೋಡುವ ಖಾತೆಯಾದರೆ 'ನೀನು' ನಡೆಯುತ್ತದೆ. ಹೋಂಸ್ಟೇ, ಉಪ್ಪಿನಕಾಯಿ, ಜೇನುತುಪ್ಪದ ವ್ಯಾಪಾರದ ಖಾತೆಯಾದರೆ 'ನೀವು'. ಎರಡನೆಯ ಬಗೆಯ ನಾಟಕದಲ್ಲಿ ಸಾಲಿಗೆ 'ನೀವು' ಇಟ್ಟು ಪಾತ್ರದ ಬಾಯಲ್ಲಿ 'ನೀನು' ಬರಬಹುದು, ಅಜ್ಜಿ ಮೊಮ್ಮಗನಿಗೆ ಬಹುವಚನ ಹಾಕುವುದಿಲ್ಲವಲ್ಲ.

ಇನ್ನು ಸಾಲಿನಲ್ಲಿ ಆಗುವ ತಪ್ಪುಗಳು:

'ಆಗ' ಸಿಕ್ಕಿಸುವುದು. "ಪಿಒವಿ: ಅಮ್ಮ ಬೈಯುವಾಗ", "ಪಿಒವಿ: ಕರೆಂಟ್ ಹೋದಾಗ". ಕನ್ನಡದ 'ಆಗ' ಒಂದೇ ಆ ಕೆಲಸ ಮಾಡುತ್ತದೆ. ಮುಂದೆ ಪಿಒವಿ ಹಾಕಿದರೆ ಉಪ್ಪಿನ ಮೇಲೆ ಉಪ್ಪು. ಪಿಒವಿ ಬೇಕೇ ಬೇಕು ಎಂದಾದರೆ ಕ್ರಿಯೆಯನ್ನು ಈ ಕ್ಷಣಕ್ಕೆ ತನ್ನಿ: "ಪಿಒವಿ: ಕರೆಂಟ್ ಹೋಗಿ ಮೂರನೇ ದಿನ, ಲೈನ್‌ಮ್ಯಾನ್‌ಗೆ ಫೋನ್ ಹಚ್ಚಿದ್ದೀರಿ."

ಬರೀ ಹೆಸರು ಬರೆಯುವುದು. "ಪಿಒವಿ: ಕುಂದಾದ್ರಿ". ಇದು ಊರಿನ ಬೋರ್ಡು. ಕುಂದಾದ್ರಿಯಲ್ಲಿ ಯಾರು, ಏನು ಮಾಡುತ್ತಿದ್ದಾರೆ?

ಭಾವನೆಯನ್ನು ನೀವೇ ಹೇಳಿಬಿಡುವುದು. "ಪಿಒವಿ: ಮಳೆ ನೋಡಿ ನಿಮಗೆ ತುಂಬ ಖುಷಿಯಾಗಿದೆ." ಖುಷಿಯಾಗುವುದು ಬಿಡುವುದು ನೋಡುವವರ ಇಷ್ಟ.

ಉದ್ದ ಬರೆಯುವುದು. ಎಂಟು ಹತ್ತು ಪದ ಮೀರಿದರೆ ಓದುವಷ್ಟರಲ್ಲಿ ಬೆರಳು ಮುಂದಿನ ರೀಲ್‌ಗೆ ಹೋಗಿರುತ್ತದೆ.

ಹಂತ 3: ಕಣ್ಣಿರುವ ಕಡೆ ಕ್ಯಾಮೆರಾ ಇಡಿ

ಸೆಲ್ಫಿ ಕ್ಯಾಮೆರಾ ಬೇಡ, ಹಿಂಬದಿಯ ಕ್ಯಾಮೆರಾ ಬಳಸಿ. ಫೋನ್ ನೆಟ್ಟಗಿರಲಿ, ರೀಲ್ಸ್ ಅಳತೆ 9:16, ಅಂದರೆ ಅಗಲ 9 ಪಾಲಾದರೆ ಎತ್ತರ 16 ಪಾಲು. ಎತ್ತರದ ವಿಷಯದಲ್ಲಿ ಕಟ್ಟುನಿಟ್ಟಾಗಿರಿ: ನಿಂತವರ ಕಣ್ಣಾದರೆ ನಿಂತ ಎತ್ತರ, ಕೂತವರದಾದರೆ ಕೂತ ಎತ್ತರ, ಮಗುವಿನದಾದರೆ ಸೊಂಟದ ಕೆಳಗೆ.

ಒಂದು ದೃಶ್ಯ ತೆಗೆದುಕೊಂಡೇ ಹೇಳುತ್ತೇನೆ. ಅಡಿಕೆ ಸುಗ್ಗಿ, ರಾತ್ರಿ, ಬಲ್ಬಿನ ಕೆಳಗೆ ಸಾಲಾಗಿ ಕೂತು ಅಡಿಕೆ ಸುಲಿಯುತ್ತಿದ್ದಾರೆ. ಸಾಲು ಹೀಗಿದೆ: "ಪಿಒವಿ: ಸುಲಿಯೋಕೆ ಕೂತಿದ್ದೀರಿ, ಪಕ್ಕದ ಅಕ್ಕ ಊರ ಸುದ್ದಿ ತೆಗೆದ್ರು." ಎದುರಿಂದ ಎಲ್ಲರ ಮುಖ ಬರುವಂತೆ ತೆಗೆದರೆ ಅದು ಸುದ್ದಿವಾಹಿನಿಯ ವರದಿಯಾಗುತ್ತದೆ. ಸುಲಿಯುವವರಿಗೆ ಏನು ಕಾಣುತ್ತದೆ? ಮುಂದೆ ನೆಟ್ಟಗೆ ನಿಂತ ಮೆಟ್ಟುಗತ್ತಿಯ ಅಲಗು. ಕಲೆ ಹತ್ತಿ ಕಪ್ಪಾದ ಹೆಬ್ಬೆರಳು. ಕಾಯಿ ಅಲಗಿಗೆ ಒತ್ತಿ ತಿರುಗುತ್ತದೆ, ಸಿಪ್ಪೆ ಒಂದು ಕಡೆ, ಅಡಿಕೆ ಬುಟ್ಟಿಗೆ. ಕಣ್ಣು ಕೆಳಗೇ ಇದೆ. ಪಕ್ಕದಿಂದ ದನಿ ಮಾತ್ರ ಬರುತ್ತಿದೆ: "ಹ್ಞೂಂ... ನಿಂಗೆ ಗೊತ್ತಿಲ್ವನೇ? ಮೊನ್ನೆ ಆ ಮೇಲಿನಮನೆಯೋರು..." ಆಗ ಕಣ್ಣು ಥಟ್ಟನೆ ಬಲಕ್ಕೆ ಹೊರಳುತ್ತದೆ, ಅಕ್ಕನ ಅರ್ಧ ಮುಖ, ಅಲ್ಲಿಗೆ ಕಟ್. ಆ ಹೊರಳುವಿಕೆಯೇ ಇಡೀ ರೀಲ್.

ಇದನ್ನು ತೆಗೆಯುವುದು ಹೇಗೆ? ಎರಡೂ ಕೈ ಕತ್ತಿಯ ಮುಂದಿರುವುದರಿಂದ ನೀವೇ ಫೋನ್ ಹಿಡಿಯುವಂತಿಲ್ಲ, ಹಿಡಿಯಲೂಬೇಡಿ. ಹಿಂದೆ ಒಬ್ಬರು ಸ್ಟೂಲ್ ಹಾಕಿ ಕೂತು ನಿಮ್ಮ ಕಿವಿಯ ಪಕ್ಕದಿಂದ, ಭುಜದ ಮೇಲಿಂದ ಫೋನ್ ಹಿಡಿಯಲಿ. ನೀವು ತಲೆ ತಿರುಗಿಸಿದ ಕಡೆಗೇ ಅವರೂ ಫೋನ್ ತಿರುಗಿಸಬೇಕು. ಎರಡು ಸಲ ಬರಿಗೈಯಲ್ಲಿ ತಾಲೀಮು ಮಾಡಿ, ಆಮೇಲೆ ಕಾಯಿ ಹಿಡಿಯಿರಿ.

ಕೈಗೆ ಕೆಲಸವಿಲ್ಲದ ದೃಶ್ಯಗಳು ಸುಲಭ. ಬಸ್ಸಿನ ಕಿಟಕಿ, ದಣಪೆ (ಬೇಲಿಯ ಗೇಟು) ದಾಟಿ ಅಂಗಳಕ್ಕೆ ಬರುವುದು, ಒಲೆ ಮುಂದೆ ಚಳಿ ಕಾಯಿಸುವುದು, ಇವಕ್ಕೆ ಒಂದು ಕೈ ಸಾಕು. ಫೋನನ್ನು ಮೂಗಿನ ಮುಂದೆ ಹಿಡಿದು, ಮೊಣಕೈ ಪಕ್ಕೆಗೆ ಒತ್ತಿಕೊಂಡು ನಡೆಯಿರಿ, ಅಲುಗಾಟ ಕಡಿಮೆಯಾಗುತ್ತದೆ. ಅಂಗಿಯ ಎದೆಜೇಬಿನಲ್ಲಿ ಲೆನ್ಸ್ ಹೊರಗೆ ಕಾಣುವಂತೆ ಫೋನ್ ಇಡುವ ಹಳೆ ಉಪಾಯವೂ ಇದೆ. ಆದರೆ ಅದರಲ್ಲಿ ದೃಶ್ಯ ತುಸು ಕುಳ್ಳಾಗುತ್ತದೆ, ಬಗ್ಗಿದಾಗ ಫೋನ್ ಕೆರೆಗೋ ಬಾವಿಗೋ ಬೀಳುತ್ತದೆ.

ಹಂತ 4: ಕೈ ಕಾಣಲಿ, ಸದ್ದು ಉಳಿಯಲಿ

ಚೌಕಟ್ಟಿನ ಕೆಳಗೆ ಕೈ, ಕಾಲು, ಕೊಡೆಯ ಅಂಚು, ಕಾಫಿ ಲೋಟ, ಏನಾದರೊಂದು ಕಂಡರೆ 'ಇದು ನನ್ನ ಕಣ್ಣು' ಎಂಬ ನಂಬಿಕೆ ಕೂಡಲೇ ಬರುತ್ತದೆ. ಟ್ರೆಂಡಿಂಗ್ ಹಾಡು ಹಾಕಿದರೆ ಹೆಚ್ಚು ಜನರಿಗೆ ತಲುಪಬಹುದು ಎಂಬುದು ನಿಜ. ಆದರೆ ತಗಡಿನ ಮೇಲೆ ಬೀಳುವ ಮಳೆಯ ಸದ್ದನ್ನು ಒರೆಸಿ ಅದರ ಮೇಲೆ ಯಾವುದೋ ಹಾಡು ಹಾಕುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಹಾಡು ಬೇಕೇ ಇದ್ದರೆ ಎಡಿಟ್ ಮಾಡುವಾಗ ಅದರ ದನಿ ಇಳಿಸಿ, ಮೂಲ ಸದ್ದನ್ನೂ ಉಳಿಸಿಕೊಳ್ಳಿ. ಎರಡನ್ನೂ ಬೇರೆ ಬೇರೆಯಾಗಿ ಹೊಂದಿಸಲು ಆ್ಯಪ್‌ನಲ್ಲೇ ಅವಕಾಶವಿದೆ.

ಹಂತ 5: ಅಕ್ಷರ ಕೂರಿಸಿ

ಪರದೆಯ ತೀರಾ ಕೆಳಗೆ ನಿಮ್ಮ ಖಾತೆಯ ಹೆಸರು, ಬಲಗಡೆ ಲೈಕ್, ಕಾಮೆಂಟ್ ಗುಂಡಿಗಳು ಕೂರುತ್ತವೆ. ಅಲ್ಲಿ ಬರೆದರೆ ಅಕ್ಷರ ಮುಚ್ಚಿಹೋಗುತ್ತದೆ. ನಡುವಿಗಿಂತ ತುಸು ಮೇಲೆ ಬರೆಯಿರಿ. ಪಿಒವಿ ಎಂದು ಕನ್ನಡದಲ್ಲೇ ಬರೆದರೂ ಜನರಿಗೆ ಗೊತ್ತಾಗುತ್ತದೆ. ಅದರ ಮುಂದೆ ಎರಡು ಚುಕ್ಕೆ, ಆಮೇಲೆ ಸಾಲು. ಪಿಓವಿ ಎಂದು ಬರೆದವರನ್ನೂ ತಿದ್ದಲು ಹೋಗಬೇಡಿ. ಪಿವಿಒ ಎಂದು ಬರೆದವರನ್ನು ತಿದ್ದಬಹುದು.

ಹಂತ 6: ಹಾಕುವ ಮುಂಚೆ ನಿಲ್ಲಿ

ಬೈಕಿನ ಪಿಒವಿ. ಆಗುಂಬೆ ಘಾಟಿಯ 14 ಹೇರ್‌ಪಿನ್ ತಿರುವುಗಳನ್ನು ಇಳಿಯುತ್ತಾ ಒಂದು ಕೈಯಲ್ಲಿ ಫೋನ್ ಹಿಡಿದು ತೆಗೆದ ರೀಲ್‌ಗಳು ಪ್ರತಿ ಮಳೆಗಾಲ ಬರುತ್ತವೆ. ಮಾಡಬೇಡಿ. 2019ರ ತಿದ್ದುಪಡಿಯ ನಂತರ ಮೋಟಾರು ವಾಹನ ಕಾಯ್ದೆಯೇ ಕೈಯಲ್ಲಿ ಫೋನ್ ಹಿಡಿದು ಓಡಿಸುವುದನ್ನು ಅಪಾಯಕಾರಿ ಚಾಲನೆಯ ಪಟ್ಟಿಗೆ ಸೇರಿಸಿದೆ. ಮೊದಲ ಸಲಕ್ಕೇ 1,000ದಿಂದ 5,000 ರೂಪಾಯಿವರೆಗೆ ದಂಡವಿದೆ, ಜೈಲಿಗೂ ಅವಕಾಶವಿದೆ. ನೀವೇ ಹಾಕಿದ ರೀಲ್ ನಿಮ್ಮ ವಿರುದ್ಧ ಸಾಕ್ಷಿಯಾಗುತ್ತದೆ. ಘಾಟಿಯ ಪಿಒವಿ ಬೇಕಿದ್ದರೆ ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತು ತೆಗೆಯಿರಿ, ತಿರುವಿನಲ್ಲಿ ಎದುರು ಬಸ್ ಬಂದಾಗಿನ ಗಾಬರಿ ಬೈಕಿಗಿಂತ ಚೆನ್ನಾಗಿ ಬರುತ್ತದೆ. ಕೈ ಮಾತ್ರ ಹೊರಗೆ ಹಾಕಬೇಡಿ.

ನೀರಿನ ಪಿಒವಿಗೂ ಇದೇ ಮಾತು. ಫೋನಿನ ಪರದೆಯಲ್ಲಿ ಅಂಚು ದೂರ ಕಾಣುತ್ತದೆ. 0.5 ಎಂದು ತೋರಿಸುವ ಅಗಲ ಲೆನ್ಸ್‌ನಲ್ಲಂತೂ ಇನ್ನೂ ದೂರ. ಪಾಚಿಗಟ್ಟಿದ ಬಂಡೆಗೆ ಅದು ಗೊತ್ತಿಲ್ಲ.

ಜನರ ವಿಷಯ. ಪಿಒವಿಯಲ್ಲಿ ನಿಮ್ಮ ಮುಖ ಬರುವುದಿಲ್ಲ, ಎದುರಿದ್ದವರದು ಬರುತ್ತದೆ. ಜಾತ್ರೆ, ಮದುವೆ ಊಟದ ಪಂಕ್ತಿ, ಸಂತೆ, ಎಲ್ಲೇ ಆಗಲಿ ಒಬ್ಬರ ಮುಖ ದೊಡ್ಡದಾಗಿ ಬರುವಂತಿದ್ದರೆ ಕೇಳಿಯೇ ತೆಗೆಯಿರಿ. "ಅಕ್ಕ, ನಿಮ್ಮ ವಿಡಿಯೊ ಹಾಕ್ಲಾ?" ಎಂದು ಕೇಳುವುದು ಅರೆ ನಿಮಿಷದ ಕೆಲಸ. ಸುಲಿಯುವ ಅಕ್ಕ ಹೇಳಿದ ಊರ ಸುದ್ದಿಯೂ ನಿಜವಾದದ್ದಾಗಿರಬಾರದು, ಕಟ್ಟಿದ್ದಾಗಿರಲಿ. ಇಲ್ಲದಿದ್ದರೆ ಮರುದಿನ ಮೇಲಿನಮನೆಯವರು ನಿಮ್ಮ ಅಂಗಳದಲ್ಲಿರುತ್ತಾರೆ.

ಪದೇ ಪದೇ ಬರುವ ಪ್ರಶ್ನೆಗಳು

ಪಿಒವಿ ಎಂದು ಬರೆದರೆ ಜಾಸ್ತಿ ಜನ ನೋಡುತ್ತಾರಾ? ಪದಕ್ಕೆ ಅಂಥ ಮಂತ್ರಶಕ್ತಿ ಏನೂ ಇಲ್ಲ. ಮೊದಲ ಎರಡು ಮೂರು ಸೆಕೆಂಡಿನಲ್ಲಿ ನೋಡುವವರನ್ನು ಹಿಡಿದಿಟ್ಟರೆ ಮಾತ್ರ ಉಪಯೋಗ. ಹೋಂಸ್ಟೇಯವರು ಕೋಣೆಯ ನಾಲ್ಕು ಗೋಡೆ ತೋರಿಸುವ ಬದಲು "ಪಿಒವಿ: ಬೆಳಗ್ಗೆ ಆರು ಗಂಟೆ, ಬಾಗಿಲು ತೆಗೆದ್ರಿ" ಎಂದು ಬರೆದು, ಚಿಲಕ ಸರಿಸುವ ಕೈಯಿಂದ ಶುರು ಮಾಡಿ ನೋಡಿ.

ಪರೀಕ್ಷೆಯಲ್ಲಿ, ಅರ್ಜಿಯಲ್ಲಿ ಬರೆಯಬಹುದಾ? ಬೇಡ. ಅಲ್ಲಿ ದೃಷ್ಟಿಕೋನ, ಅಭಿಪ್ರಾಯ ಎಂದೇ ಬರೆಯಿರಿ. ಆ ಪದಗಳಿಗೂ ಒಂದು ಜಾಗ ಬೇಕಲ್ಲ.

ಬೇರೆಯವರ ತಪ್ಪು ಪಿಒವಿಗೆ "ಇದು ಪಿಒವಿ ಅಲ್ಲ" ಎಂದು ಕಾಮೆಂಟ್ ಹಾಕಲಾ? ನೂರು ಜನ ಆಗಲೇ ಹಾಕಿರುತ್ತಾರೆ.

ತಪ್ಪು ಸಾಲು ಹಾಕಿ ರೀಲ್ ಬಿಟ್ಟಾಗಿದೆ, ಈಗ? ವಿಡಿಯೊ ಕೆಳಗಿನ ಕ್ಯಾಪ್ಷನ್ ಆದರೆ ರೀಲ್ ಮೇಲಿರುವ ಮೂರು ಚುಕ್ಕೆ ಒತ್ತಿ, ಎಡಿಟ್‌ಗೆ ಹೋಗಿ ತಿದ್ದಬಹುದು. ವಿಡಿಯೊ ಮೇಲೆಯೇ ಕೂರಿಸಿದ ಅಕ್ಷರ ಬದಲಾಗುವುದಿಲ್ಲ, ಅಳಿಸಿ ಹೊಸದಾಗಿಯೇ ಹಾಕಬೇಕು. ಹಾಗಾಗಿ ಅಕ್ಷರ ಕೂರಿಸುವ ಮುಂಚಿನ ಬರೀ ವಿಡಿಯೊವನ್ನು ಫೋನಿನ ಗ್ಯಾಲರಿಯಲ್ಲಿ ಉಳಿಸಿಕೊಂಡಿರಿ. ಮಳೆ ಇನ್ನೊಂದು ಸಲ ಅದೇ ಥರ ಬರುವುದಿಲ್ಲ.